ಹಚ್ಚಿದ ಕಡ್ಡಿ ಕೀಳಬಾರದು

ಆ ಬೋಟಿನ ಸ್ಟೇರಿಂಗನ್ನು ನಾನು ನಾಲ್ಕು ಸಲ ಬಿಚ್ಚಿದ್ದೇನೆ. ಮೂರು ಸಲ ಯಾರನ್ನಾದರೂ ಬಯ್ಯುತ್ತ ಬಿಚ್ಚಿದೆ. ನಾಲ್ಕನೆಯ ಸಲ ಬಯ್ಯಲು ಯಾರೂ ಉಳಿದಿರಲಿಲ್ಲ.

ನನ್ನ ಕಸುಬು ಟ್ರ್ಯಾಕ್ಟರ್ ರಿಪೇರಿ. ಸುರಪುರದಿಂದ ಶಹಾಪುರಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ಬೇವಿನ ಮರದ ಕೆಳಗೆ ತಗಡಿನ ಶೆಡ್ಡು ಹಾಕಿಕೊಂಡು ಕೂತು ಇಪ್ಪತ್ತೈದು ವರ್ಷದ ಮೇಲಾಯಿತು. ಅದರಲ್ಲೂ ಹೈಡ್ರಾಲಿಕ್ ಅಂದರೆ ನಾನು. ಎಣ್ಣೆಯ ಒತ್ತಡದಿಂದ ಎತ್ತುವುದು, ಇಳಿಸುವುದು, ತಿರುಗಿಸುವುದು ಏನಿದ್ದರೂ ಶಿರವಾಳದವರೂ ಬರುತ್ತಾರೆ, ಅತ್ತ ಮುದನಾಳದವರೂ ಬರುತ್ತಾರೆ. ಮಿಸ್ತ್ರಿಯ ಕೆಲಸ ಚೊಕ್ಕ, ಬಾಯಿ ಮಾತ್ರ ಹೊಲಸು ಅಂತ ಹೊರಗೆ ಹೇಳಿಕೊಳ್ಳುತ್ತಾರೆ. ಎರಡೂ ನಿಜ.

ಕಸುಬು ಕಲಿತದ್ದು ಯಾದಗಿರಿಯಲ್ಲಿ, ಒಬ್ಬ ಮುಸಲ್ಮಾನ ಉಸ್ತಾದರ ಕೈಕೆಳಗೆ. ಅವರದೊಂದು ಪದ್ಧತಿ ಇತ್ತು. ರಿಪೇರಿ ಮುಗಿದ ಗಾಡಿಗೆ ಕೀಲಿ ಹಾಕಿ ಚಾಲೂ ಮಾಡುವ ಮೊದಲು ಒಂದು ಊದಿನಕಡ್ಡಿ ಹಚ್ಚಿ ಅದರ ಮೇಲೆಯೇ ಸಿಗಿಸಬೇಕು. "ಹಚ್ಚಿದ ಕಡ್ಡಿ ಕೀಳಬ್ಯಾಡ, ಆರಿಸಬ್ಯಾಡ. ಅದು ತಾನಾಗೇ ಬೂದಿ ಆಗ್ಲಿ, ತಾನಾಗೇ ಉದುರ್ಲಿ" ಅನ್ನುತ್ತಿದ್ದರು. ನಾನು ಸ್ವಂತ ಶೆಡ್ಡು ಹಾಕಿದ ಮೇಲೆ ಅದಕ್ಕೆ ಒಂದು ಬೆರಳು ವಿಭೂತಿ ಸೇರಿಸಿದೆ. ಬೇರೆ ಪೂಜೆ ಪುನಸ್ಕಾರಕ್ಕೆ ನನಗೆ ತಾಳ್ಮೆ ಇಲ್ಲ. ಇದೊಂದನ್ನು ಮಾತ್ರ ಬಿಟ್ಟಿಲ್ಲ. ಕಡ್ಡಿ ಸಿಗಿಸಲು ಜಾಗ ಹುಡುಕಬೇಕಾಗಿಯೂ ಇಲ್ಲ. ಯಂತ್ರ ಅಂದ ಮೇಲೆ ಒಂದು ಸಂದೋ ತೂತೋ ಇದ್ದೇ ಇರುತ್ತದೆ.

ಬೋಟಿನ ವಿಷಯ ಬಂದದ್ದು ಯುಗಾದಿ ಮುಗಿದ ಮೇಲೆ. ನಾರಾಯಣಪುರದ ಹಿನ್ನೀರಿನ ದಂಡೆಯ ಒಂದು ಊರಿನ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ಅವರ ಸಂಘದವರು ಸಮುದ್ರದ ಕಡೆಯಿಂದ ಹಳೆಯ ಬೋಟೊಂದನ್ನು ತಂದು ಜನರನ್ನು ಈ ದಂಡೆಯಿಂದ ಆ ದಂಡೆಗೆ ದಾಟಿಸುತ್ತಿದ್ದರು. ರಸ್ತೆ ಹಿಡಿದರೆ ಅರ್ಧ ದಿನ ಸುತ್ತಬೇಕು, ನೀರಿನ ಮೇಲೆ ಇಪ್ಪತ್ತು ನಿಮಿಷ.

"ಮಿಸ್ತ್ರೀ, ನಮ್ಮ ಬೋಟಿನ ಸ್ಟೇರಿಂಗ್ ಕೈ ಕೊಟ್ಟಾದ. ಅದೂ ಎಣ್ಣಿ ಮ್ಯಾಲೇ ತಿರುಗೋದಂತ. ಒಮ್ಮಿ ಬಂದು ನೋಡ್ರಿ."

"ಬೋಟು ಗೀಟು ನನಗ ತಿಳಿಯಂಗಿಲ್ರಿ" ಅಂದೆ.

"ಎಣ್ಣಿ ತಿಳೀತದಲ್ರಿ? ಬರ್ರಿ."

ಎಣ್ಣೆ ತಿಳಿಯುವುದಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಅದೇ ನಾನು ಮಾಡಿದ ಮೊದಲ ತಪ್ಪು.

ನನಗೆ ಈಜು ಬರುವುದಿಲ್ಲ. ಕಾಲುವೆಯ ಸೇತುವೆ ದಾಟುವಾಗಲೂ ನಡುವೆ ನಡೆಯುವ ಮನುಷ್ಯ ನಾನು. ಬೆಳಿಗ್ಗೆ ಬಿಸಿಲೇರುವ ಮೊದಲೇ ಬೈಕಿನ ಮೇಲೆ ಹೋಗಿ ನೋಡಿದರೆ, ಆ ಬೋಟನ್ನು ಮೇಲಕ್ಕೆ ಎಳೆದಿರಲಿಲ್ಲ, ನೀರಿನಲ್ಲೇ ಕಟ್ಟಿದ್ದರು. ಕಾಲಿಟ್ಟ ಕೂಡಲೇ ಪಕ್ಕಕ್ಕೆ ವಾಲಿತು. ನಾನು ಅದರ ತಾಯಿ ತಂದೆ ಎಲ್ಲರನ್ನೂ ಬಾಯ್ತುಂಬ ನೆನೆಸಿಕೊಂಡೆ. ಒಳಗೆ ಕೂತಿದ್ದ ಮುದುಕನೊಬ್ಬ ಕೈ ಚಾಚಿ ಹಿಡಿದುಕೊಂಡ.

"ನೀರಿಗಿ ಹೆದರಬ್ಯಾಡ್ರಿ ಮಿಸ್ತ್ರೀ. ಅದು ನಿಮ್ಮಂಗ ಬೈಯಂಗಿಲ್ಲ."

ಅವನೇ ಬೋಟಿನ ಡ್ರೈವರ್. ವಯಸ್ಸು ಅರವತ್ತರ ಮೇಲೆ, ಕಪ್ಪು ಮೈ, ಅಂಗೈ ಮರದ ಹಲಗೆಯಂತೆ. ಹಿನ್ನೀರು ನಿಂತಾಗಿನಿಂದ ಹರಗೋಲು ಹಾಕಿ ಜನ ದಾಟಿಸಿದವನು. ಬೋಟು ಬಂದಾಗ ಊರಿನ ಹುಡುಗರೆಲ್ಲ ನಾನು ತಾನು ಅಂತ ಸ್ಟೇರಿಂಗಿನ ಗಾಲಿ ಹಿಡಿದು ಎರಡು ದಿನ ಮೆರೆದು, ಗಾಳಿ ಎದ್ದ ದಿನ ಹಿಂದೆ ಸರಿದಿದ್ದರಂತೆ. ಇವನು ತಿಂಗಳು ಕೂತು ಕಲಿತಿದ್ದ. ಸಂಘದವರು ಅವನಿಗೊಂದು ಖಾಕಿ ಅಂಗಿ ಕೊಟ್ಟಿದ್ದರು. ಅದನ್ನು ಇಸ್ತ್ರಿ ಮಾಡಿಸಿ, ಎದೆಯ ಗುಂಡಿ ಮೇಲಿನವರೆಗೂ ಹಾಕಿಕೊಂಡು ಬರುತ್ತಿದ್ದ. ಎಲ್ಲರೂ ಕಾಕಾ ಅನ್ನುತ್ತಿದ್ದರು. ನಾನೂ ಹಾಗೇ ಅಂದೆ.

ಕೆಲಸ ಹೊಸದೇನಲ್ಲ. ಮುಂದೆ ಗಾಲಿ, ಅದರ ಹಿಂದೆ ಕರಿಯ ಡಬ್ಬಿಯೊಳಗೆ ಒಂದು ಸಣ್ಣ ಪಂಪು. ಗಾಲಿ ತಿರುಗಿಸಿದರೆ ಪಂಪು ಎಣ್ಣೆಯನ್ನು ಪೈಪಿನೊಳಗೆ ತಳ್ಳುತ್ತದೆ, ಹಿಂದೆ ಇಂಜಿನ್ನಿಗೆ ಹೊಂದಿಸಿದ ರಾಡು ಅತ್ತ ಇತ್ತ ಸರಿಯುತ್ತದೆ, ಇಂಜಿನ್ ಹೊರಳಿದ ಕಡೆ ಬೋಟು ಹೊರಳುತ್ತದೆ. ಎಡಕ್ಕೊಂದು ಪೈಪು, ಬಲಕ್ಕೊಂದು ಪೈಪು. ಡಬ್ಬಿಯ ನೆತ್ತಿಯ ಮೇಲೆ ಎಣ್ಣೆ ಹಾಕುವ ಬಾಯಿ, ಅದಕ್ಕೊಂದು ತಿರುಗಿಸುವ ಮುಚ್ಚಳ. ಗಾಲಿಯ ದಂಡಕ್ಕೆ ಸುತ್ತಲೂ ಕೂತಿರುವ ರಬ್ಬರಿನ ಸೀಲು ಸವೆದು ಎಣ್ಣೆ ಸೋರಿತ್ತು. ಅಷ್ಟೇ ರೋಗ. ಅಳತೆ ತೆಗೆದುಕೊಂಡು ಶಹಾಪುರದಲ್ಲಿ ಹುಡುಕಿದೆ, ಇರಲಿಲ್ಲ. ಯಾದಗಿರಿಯಲ್ಲಿ ಸಿಕ್ಕಿತು. ಮರುದಿನ ಬಂದು ಕೂರಿಸಿದೆ.

ಸೀಲು ಕೂರಿಸುವುದು ಸುಲಭ, ಪೈಪಿನೊಳಗೆ ಸೇರಿದ ಗಾಳಿ ತೆಗೆಯುವುದು ತ್ರಾಸಿನ ಕೆಲಸ. ಒಂದು ಗುಳ್ಳೆ ಉಳಿದರೂ ಗಾಲಿ ಸುಮ್ಮನೆ ತಿರುಗುತ್ತದೆ, ಇಂಜಿನ್ ಮಿಸುಕುವುದಿಲ್ಲ. ಇಬ್ಬರು ಬೇಕು. ಕಾಕಾ ಗಾಲಿಯ ಹತ್ತಿರ, ನಾನು ಹಿಂದೆ ಇಂಜಿನ್ನಿನ ಮೇಲೆ ಬೋರಲು ಬಿದ್ದುಕೊಂಡು, ಮೂಗಿನ ಕೆಳಗೆ ಆ ಹಸಿರು ನೀರು.

"ಎಡಕ್ಕ! ಇನ್ನೂ ಎಡಕ್ಕ! ಹಿಡಿ, ಹಿಡಿ, ಬಿಡಬ್ಯಾಡ! ಈಗ ಬಲಕ್ಕ. ಬಲಕ್ಕ ಅಂದ್ನಿ, ನಿನ್ನ ಬಲಗೈ ಯಾವ್ದು ಗೊತ್ತದೋ ಇಲ್ಲೋ!"

ಸಿಟ್ಟು ಬಂದಾಗ ದೊಡ್ಡವರು ಸಣ್ಣವರು ನೋಡುವ ಬಾಯಲ್ಲ ನನ್ನದು. ಕಾಕಾ ನಾನು ಅಂದ ಕಡೆ ತಿರುಗಿಸಿದ. ಒಂದು ತಾಸಿನ ಮೇಲೆ ಗುಳ್ಳೆ ನಿಂತವು. ಗಾಲಿ ಹಿಡಿದರೆ ಬೆಣ್ಣೆ.

ಆಮೇಲೆ ಪದ್ಧತಿ. ಕಡ್ಡಿ ಹಚ್ಚಿ ಎಲ್ಲಿ ಸಿಗಿಸಲಿ ಅಂತ ನೋಡಿದೆ. ಎಣ್ಣೆಯ ಮುಚ್ಚಳದ ನಟ್ಟನಡುವೆ ಒಂದು ಸಣ್ಣ ತೂತು, ಊದಿನಕಡ್ಡಿಗೇ ಅಂತ ಕೊರೆದಷ್ಟು ಸರಿಯಾಗಿತ್ತು. ಸಿಗಿಸಿದೆ. ಬುಡಕ್ಕೆ ಒದ್ದೆ ವಿಭೂತಿ ಒತ್ತಿದೆ. ಕಡ್ಡಿ ಉರಿದು ಬಿದಿರಿನ ಮೋಟು ಉಳಿಯಿತು. ಕಾಕಾ ಗಾಲಿ ತಿರುಗಿಸುವಾಗ ಮೋಟು ಅವನ ಕೈಗೆ ಚುಚ್ಚಿತು. ಕೀಳಲು ಎರಡು ಬೆರಳು ಹಾಕಿದ.

"ಏ! ಮುಟ್ಟಬ್ಯಾಡ! ಹಚ್ಚಿದ ಕಡ್ಡಿ ಕೀಳಬಾರ್ದು. ಅದು ತಾನಾಗೇ ಉದುರಬೇಕು."

ಕಾಕಾ ಕೈ ಹಿಂದಕ್ಕೆ ತೆಗೆದುಕೊಂಡ. "ಆತ್ರಿ ಮಿಸ್ತ್ರೀ. ಮುಟ್ಟಂಗಿಲ್ಲ." ಮೋಟಿನ ಮೇಲಿನ ತುದಿಯನ್ನು ಮಾತ್ರ, ಕೈಗೆ ತಾಗದಂತೆ, ನಾನೇ ಇಕ್ಕಳದಿಂದ ಕತ್ತರಿಸಿದೆ.

ಹತ್ತು ದಿನಕ್ಕೆ ಮತ್ತೆ ಫೋನು. ಈ ಸಲ ಕಾಕಾನೇ ಮಾತಾಡಿದ. ಮಧ್ಯಾಹ್ನ ಗಾಲಿಯ ಬುಡದಿಂದ ಎಣ್ಣೆ ಸೋರಿ ಕಾಲ ಮೇಲೆ ಬೀಳುತ್ತದೆ, ಬೆಳಿಗ್ಗೆ ಬಂದು ಹಿಡಿದರೆ ಗಾಲಿ ಖಾಲಿ ತಿರುಗುತ್ತದೆ ಅಂದ. ಹೋಗಿ ಬಿಚ್ಚಿದೆ. ಹೊಸ ಸೀಲು ತುಟಿ ಹೊರಳಿಸಿಕೊಂಡು ಕೂತಿತ್ತು. ಸೀಲು ನಕಲಿ ಅಂತ ತೀರ್ಮಾನ ಮಾಡಿದೆ. ಅಲ್ಲಿಂದ ನೆಟ್ಟಗೆ ಯಾದಗಿರಿಗೆ ಹೋಗಿ, ಅಂಗಡಿಯವನ ಗಲ್ಲೆಯ ಮೇಲೆ ಅದನ್ನು ಒಗೆದು, ಗಿರಾಕಿಗಳ ಎದುರಿಗೇ ಅವನ ಮಾನ ತೆಗೆದೆ. ಆ ಮನುಷ್ಯ ಕನ್ನಡಕ ಹಾಕಿಕೊಂಡು ಸೀಲನ್ನು ತಿರುಗಿಸಿ ತಿರುಗಿಸಿ ನೋಡಿದ.

"ಸೀಲು ಛಲೋ ಅದ್ರಿ. ಒಳಗಿಂದ ಯಾರೋ ದಬ್ಬ್ಯಾರ" ಅಂದ.

"ಒಳಗ ಯಾರದಾರ, ನಿಮ್ಮಪ್ಪ?" ಅಂದು ಇನ್ನೊಂದು ಇಸಿದುಕೊಂಡು ಬಂದೆ. ಅವನು ಹೇಳಿದ್ದು ಬಂಗಾರದಂಥ ಮಾತು. ಕಿವಿ ಇದ್ದಿದ್ದರೆ ಅವತ್ತೇ ಮುಗಿಯುತ್ತಿತ್ತು.

ಎರಡನೆಯ ಸೀಲು ಕೂರಿಸಿದೆ. ಎಣ್ಣೆ ಹಾಕಲು ಮುಚ್ಚಳ ತೆಗೆದವನು, ಕಡ್ಡಿಯ ಮೋಟು ಅಲುಗದಂತೆ ಅದನ್ನು ಜೋಪಾನವಾಗಿ ಪಕ್ಕಕ್ಕಿಟ್ಟೆ. ಮತ್ತೆ ಬೋರಲು ಬಿದ್ದುಕೊಂಡು ಗಾಳಿ ತೆಗೆದೆ. ಮತ್ತೆ ಎಡಕ್ಕ, ಬಲಕ್ಕ. ಮುಗಿಸಿ ಮುಚ್ಚಳ ಬಿಗಿದು, ಹಳೆಯ ಮೋಟಿನ ಪಕ್ಕಕ್ಕೇ ಹೊಸ ಕಡ್ಡಿಯೊಂದನ್ನು ಒತ್ತಿ ಸಿಗಿಸಿ, ಮೇಲೊಂದು ಬೆರಳು ವಿಭೂತಿ ಜಾಸ್ತಿಯೇ ಬಳಿದೆ. ಈ ಸಲ ದೇವರಾದರೂ ಕಾಯಲಿ ಅಂತ.

ಮನೆಗೆ ಬಂದರೆ ತಲೆಯಲ್ಲಿ ಅದೇ ಗಾಲಿ. ಊಟಕ್ಕೆ ಕೂತವನು ರೊಟ್ಟಿ ಹಿಡಿದುಕೊಂಡೇ ಸೀಲಿನ ಬಗ್ಗೆ ಒದರುತ್ತಿದ್ದೆ. ನನ್ನ ಹೆಂಡತಿ ಪುಂಡಿಪಲ್ಲೆ ಬಡಿಸುತ್ತ, "ಬೋಟಿಂದು ಎಷ್ಟ ಸಲ ಬದಲಿ ಮಾಡ್ತೀರಿ? ನಿಮ್ಮ ಬಾಯಿಗೊಂದು ಸೀಲು ಸಿಗ್ತದೇನು ಯಾದಗಿರ್ಯಾಗ, ನೋಡ್ರಿ" ಅಂದಳು. ನಾನು ತಾಟು ಸರಿಸಿ ಎದ್ದೆ. ಅವಳು ಆ ತಾಟನ್ನು ಎತ್ತಲೂ ಇಲ್ಲ, ಮತ್ತೆ ಕರೆಯಲೂ ಇಲ್ಲ. ಹಸಿವಾದ ಮೇಲೆ ನಾನೇ ಬಂದು ಕೂತು ಉಂಡೆ.

ಮೂರನೆಯ ಸಲ ಕೈ ಕೊಟ್ಟದ್ದು ಮಳೆಗಾಲದ ಮೊದಲ ಗಾಳಿಯ ದಿನ. ಬೆಳಿಗ್ಗೆಯ ಮೊದಲ ಖೇಪು, ಬೋಟಿನಲ್ಲಿ ಸಂತೆಗೆ ಹೊರಟ ಹೆಂಗಸರು, ಹಾಲಿನ ಕ್ಯಾನುಗಳು. ನಡುನೀರಿನಲ್ಲಿ ಗಾಲಿ ಖಾಲಿಯಾಯಿತು. ಗಾಳಿ ಬೋಟನ್ನು ಪಕ್ಕಕ್ಕೆ ನೂಕುತ್ತ, ಮುಳುಗಿದ ಜಾಲಿ ಮರಗಳ ಕಡೆ ಒಯ್ಯತೊಡಗಿತು. ಕಾಕಾ ಗಾಲಿ ಬಿಟ್ಟು ಹಿಂದಕ್ಕೆ ಓಡಿ, ರಾಡಿನ ಪಿನ್ನು ಕಿತ್ತು, ಇಂಜಿನ್ನನ್ನೇ ಎರಡೂ ಕೈಯಲ್ಲಿ ತಬ್ಬಿ ಹೊರಳಿಸಿ ಹೊರಳಿಸಿ ದಂಡೆಗೆ ತಂದಿದ್ದ. ನಾನು ಸಂಜೆ ಹೋದಾಗ ಅವನ ಮುಂಗೈ ಬಿಸಿ ಇಂಜಿನ್ನಿಗೆ ತಾಗಿ ಬೊಬ್ಬೆ ಎದ್ದಿತ್ತು. ಖಾಕಿ ಅಂಗಿಯ ತೋಳು ಸುಟ್ಟಿತ್ತು.

ಬಿಚ್ಚಿ ನೋಡಿದರೆ ಅದೇ ಸೀಲು, ಅದೇ ಹೊರಳಿದ ತುಟಿ. ಎಣ್ಣೆ ಬದಲಿಸಿದ್ದೆ, ಪೈಪು ಬಿಗಿ ಮಾಡಿದ್ದೆ, ಇನ್ನೇನು ಉಳಿದಿದೆ ಅಂತ ತಲೆ ಕೆಟ್ಟುಹೋಯಿತು. ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ನೀರಿಗೆ ಒಗೆದೆ. ಅದು ನನ್ನದೇ ಪಾನಾ, ಉಸ್ತಾದರು ಕೊಟ್ಟದ್ದು.

ಎಣ್ಣೆಯ ಮುಚ್ಚಳದ ಮೇಲೆ ಅವತ್ತು ಹೊಸದೊಂದು ವಸ್ತು ಕಂಡಿತು. ವಿಭೂತಿ, ಕಡ್ಡಿಯ ಮೋಟು ಎಲ್ಲ ಸೇರಿಸಿ ಒಂದು ಪ್ಲಾಸ್ಟಿಕ್ ಚೀಲ ಸುತ್ತಿ, ದಾರದಿಂದ ಬಿಗಿಯಾಗಿ ಕಟ್ಟಿತ್ತು.

"ಮಳಿ ಬರ್ತದಲ್ರಿ, ತೊಳದು ಹೋಗಬಾರ್ದಂತ ನಾನೇ ಕಟ್ಟೀನಿ" ಅಂದ ಕಾಕಾ. ಉಳಿದವರು ದೇವರನ್ನು ಇಷ್ಟು ಜೋಪಾನ ಮಾಡುವುದಿಲ್ಲ ಅನ್ನಿಸಿ ನನಗೆ ಸಂತೋಷವಾಯಿತು. "ಶಹಬ್ಬಾಸ್ ಕಾಕಾ" ಅಂದೆ.

ಅದೇ ಬಾಯಿ, ಅರ್ಧ ತಾಸಿನಲ್ಲಿ ಏನು ಅಂದಿತು ಕೇಳಿ. ದಂಡೆಯ ಮೇಲೆ ಕಾರ್ಯದರ್ಶಿ ಕಾಯುತ್ತಿದ್ದರು. ಸಂತೆಯ ಹೆಂಗಸರ ಮನೆಯವರೆಲ್ಲ ಅವರನ್ನು ಬೆಳಿಗ್ಗೆಯಿಂದ ಹಿಡಿದುಕೊಂಡಿದ್ದರು.

"ಮಿಸ್ತ್ರೀ, ಒಂದು ಮಾತು ಖರೇ ಹೇಳ್ರಿ. ಮೂರು ಸಲ ಆತು. ತಪ್ಪು ಮಶೀನಿಂದೋ, ನಿಮ್ದೋ, ಇಲ್ಲಾ ಡ್ರೈವರಂದೋ?"

ನನ್ನದು ಅನ್ನಲು ನನಗೆ ಕಾರಣವೇ ಕಾಣಲಿಲ್ಲ. ಮಶೀನಿನದು ಅಂದರೆ, ಮತ್ತೆ ನೀನು ಮಾಡಿದ್ದೇನು ಅನ್ನುತ್ತಾರೆ. ಉಳಿದದ್ದು ಒಬ್ಬನೇ.

"ಮುದುಕನ ಕೈ ಒರಟ ಅದ್ರಿ" ಅಂದೆ. "ಹುಟ್ಟು ಹಾಕಿದ ಕೈ. ಗಾಲಿ ಜಗ್ಗಿ ಜಗ್ಗಿ ಸೀಲು ಹಾಳ ಮಾಡ್ಯಾನ. ಇದು ಬೆರಳಿನ ಕೆಲಸ, ರಟ್ಟಿ ಕೆಲಸ ಅಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊದಲು ಸೀಲು ಡೊಂಕು ಅಂದೆ, ಆಮೇಲೆ ಅಂಗಡಿಯವನು ಡೊಂಕು ಅಂದೆ, ಕೊನೆಗೆ ಜನರ ಜೀವ ಉಳಿಸಿದವನ ಕೈಯನ್ನೇ ಡೊಂಕು ಅಂದೆ. ಕಾಕಾ ನಾಲ್ಕು ಮಾರು ಆಚೆ ಹಗ್ಗ ಸುತ್ತುತ್ತ ನಿಂತಿದ್ದ. ಕೇಳಿಸಿಕೊಂಡ. ಬೊಬ್ಬೆ ಎದ್ದ ಕೈಯನ್ನು ಅಂಗಿಯ ಹಿಂದೆ ಮರೆಮಾಡಿಕೊಂಡ. ನಾನು ಸೀಲು ಕೂರಿಸಿ, ಅವನನ್ನೇ ಕೂರಿಸಿಕೊಂಡು ಗಾಳಿ ತೆಗೆದೆ. ತೂತಿನಲ್ಲಿ ಜಾಗ ಉಳಿದಿರಲಿಲ್ಲ, ಹೊಸ ಕಡ್ಡಿಯನ್ನು ಪಕ್ಕದ ಸಂದಿಗೆ ಸಿಗಿಸಿದೆ. ಚೀಲವನ್ನು ಮತ್ತೆ ಅವನೇ ಕಟ್ಟಿದ.

ಎರಡು ದಿನದಲ್ಲಿ ಕಾರ್ಯದರ್ಶಿ ಕಾಕಾನನ್ನು ಗಾಲಿಯಿಂದ ಇಳಿಸಿದರು. ಅವನ ಜಾಗಕ್ಕೆ ಟೆಂಪೊ ನಡೆಸುತ್ತಿದ್ದ ಒಬ್ಬನನ್ನು ತಂದರು. ಬೆರಳ ತುದಿಯಲ್ಲಿ ಗಾಲಿ ತಿರುಗಿಸುವವನು, ನಾನು ಹೇಳಿದಂಥವನೇ. ನನಗೆ ಸುದ್ದಿ ಮುಟ್ಟಿದಾಗ ಒಂದಿಷ್ಟು ಕಸಿವಿಸಿಯಾಯಿತು. ಆದರೆ ಒಳಗೊಳಗೇ ಸಮಾಧಾನವೂ ಆಯಿತು. ಇನ್ನು ಫೋನು ಬರುವುದಿಲ್ಲವಲ್ಲ ಅಂದುಕೊಂಡೆ.

ಹದಿನೈದು ದಿನಕ್ಕೆ ಬಂತು.

"ಅದೇ ರೋಗ" ಅಂದರು ಕಾರ್ಯದರ್ಶಿ.

"ಹೊಸ ಡ್ರೈವರ್ ಹ್ಯಾಂಗ ಹೊಡೀತಾನ?"

"ಹೂವಿನಂಗ ಹೊಡೀತಾನ್ರಿ. ನಿಮ್ಮ ಕೈಲಿ ಆಗಂಗಿಲ್ಲಂದ್ರ ಹೇಳಿಬಿಡ್ರಿ, ರಾಯಚೂರಿಂದ ಬ್ಯಾರೇದವರನ್ನ ಕರಸ್ತೀನಿ."

ಆ ಮಾತಿಗೆ ಕಿವಿಯ ಬುಡ ಕಾದಿತು. ಮರುದಿನ ಬೆಳಿಗ್ಗೆಯೇ ಹೊರಡಬೇಕು ಅಂತಿದ್ದೆ. ಆದರೆ ನಾಟಿಯ ಹೊತ್ತು, ಬಾಗಿಲು ತೆಗೆಯುವುದರೊಳಗೆ ಶಿರವಾಳದ ರೈತರೊಬ್ಬರು ಕೆಸರು ಮೆತ್ತಿದ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದರು. ಎಲ್ಲೆಲ್ಲಿಂದಲೋ ಎಣ್ಣೆ ಉಕ್ಕುತ್ತಿತ್ತು. ಬಗ್ಗಿ ನೋಡಿದೆ, ಬ್ರೀದರ್ ಕೆಸರಿನಿಂದ ಮುಚ್ಚಿಹೋಗಿತ್ತು, ಬಿಚ್ಚಿದ ಕೂಡಲೇ ಸುಯ್ ಅಂತು. ಬ್ರೀದರ್ ಅಂದರೆ ಎಣ್ಣೆಯ ಮನೆಗೆ ಇಟ್ಟ ಸಣ್ಣ ಗಾಳಿಗಂಡಿ. ಅವರನ್ನು ನಿಲ್ಲಿಸಿಕೊಂಡು ದೊಡ್ಡ ಪಾಠ ಮಾಡಿದೆ.

"ಯಂತ್ರಕ್ಕೂ ಮೂಗಿರ್ತದ್ರಿ ಗೌಡ್ರ. ಎಣ್ಣಿ ಕಾದ್ರ ಉಬ್ಬತಾದ, ಉಸಿರು ಬಿಡಾಕ ಜಾಗ ಬೇಕು. ಮೂಗು ಮುಚ್ಚಿದ್ರ ಎಲ್ಲಿ ಸೀಲು ಮೆತ್ತಗದ ಅಲ್ಲಿ ಹರಕೊಂಡು ಬರ್ತದ. ಇಷ್ಟೂ ತಿಳಿಯಂಗಿಲ್ಲೇನ್ರಿ?"

ಗೌಡರು ತಲೆ ತಗ್ಗಿಸಿ ಕೇಳಿಸಿಕೊಂಡರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಆ ಮೂಗಿನ ಪಾಠ ನನ್ನ ಬಾಯಿಂದ ಹೊರಟು, ನನ್ನ ಕಿವಿಗೆ ಮುಟ್ಟಲು ಇನ್ನೂ ನಾಲ್ಕು ತಾಸು ಬೇಕಾಯಿತು.

ಹಿನ್ನೀರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಮಳೆ ಬಿಡುವು ಕೊಟ್ಟು ಬಿಸಿಲು ಚುರುಗುಟ್ಟುತ್ತಿತ್ತು. ಮುಂಚಿನ ಮೂರು ಸಲವೂ ನಾನು ತಂಪು ಹೊತ್ತಿನಲ್ಲೇ ಬಂದು ಬಿಚ್ಚಿದ್ದೆ. ಈ ಸಲ ಕರಿಯ ಡಬ್ಬಿ ಕೈ ಇಡಲಾಗದಷ್ಟು ಕಾದಿತ್ತು. ಟೆಂಪೊದವನು ದಂಡೆಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ. ನಾನೊಬ್ಬನೇ ಬೋಟಿನೊಳಗೆ. ಚೀಲದ ದಾರ ಬಿಚ್ಚಿ, ಮೊದಲು ಎಣ್ಣೆ ಎಷ್ಟಿದೆ ನೋಡೋಣ ಅಂತ ಮುಚ್ಚಳ ತಿರುಗಿಸಿದೆ.

ಸುಯ್ ಅಂತು.

ಬಿಸಿ ಎಣ್ಣೆ ನೊರೆನೊರೆಯಾಗಿ ಬಾಯಿಂದ ಉಕ್ಕಿ ನನ್ನ ಕೈ ಮೇಲೆ ಹರಿಯಿತು. ಆ ಸದ್ದು ನನಗೆ ಗೊತ್ತು. ಅವತ್ತೇ ಬೆಳಿಗ್ಗೆ ಶೆಡ್ಡಿನಲ್ಲಿ ಕೇಳಿದ್ದೆ.

ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿದೆ. ನಡುವಿನ ತೂತಿನಲ್ಲಿ ಬೆಳಕು ಕಾಣಬೇಕಿತ್ತು, ಕಾಣಲಿಲ್ಲ. ಬಿದಿರಿನ ಎರಡು ಮೋಟು, ಸಂದಿಗೆಲ್ಲ ಗಟ್ಟಿಯಾಗಿ ಕೂತ ವಿಭೂತಿ. ಊದಿನಕಡ್ಡಿಗೇ ಕೊರೆದಂತಿದೆ ಅಂತ ಮೆಚ್ಚಿಕೊಂಡಿದ್ದೆನಲ್ಲ, ಅದು ಆ ಡಬ್ಬಿಯ ಮೂಗು. ಹಗಲೆಲ್ಲ ಬಿಸಿಲಿಗೆ ಎಣ್ಣೆ ಉಬ್ಬಿ, ಹೋಗಲು ದಾರಿ ಇಲ್ಲದೆ ಸೀಲಿನ ತುಟಿ ಹೊರಳಿಸಿಕೊಂಡು ಸೋರಿತ್ತು. ರಾತ್ರಿ ತಣ್ಣಗಾದಾಗ ಅದೇ ಸಂದಿಯಿಂದ ಗಾಳಿ ಒಳಗೆ ಎಳೆದುಕೊಂಡಿತ್ತು. ಬೆಳಿಗ್ಗೆ ಗಾಲಿ ಖಾಲಿ. ಇಷ್ಟೇ. ಇಷ್ಟಕ್ಕೆ ನಾನು ಮೂರು ಸೀಲು, ಒಬ್ಬ ಅಂಗಡಿಯವನು, ಒಬ್ಬ ಮುದುಕ, ಎಲ್ಲರನ್ನೂ ತಿಂದಿದ್ದೆ.

ಇಕ್ಕಳದಿಂದ ಮೋಟುಗಳನ್ನು ಕಿತ್ತೆ. ಅಂಗೈ ಮೇಲೆ ಎರಡು ಕಡ್ಡಿ ಚೂರು, ಬೆರಳಿನ ಗೆಣ್ಣಿನಷ್ಟೂ ಇಲ್ಲ. ನಾಚಿಕೆ ಅಂದರೆ ಏನು ಅಂತ ನನಗೆ ಅಷ್ಟು ದಿನ ಸರಿಯಾಗಿ ಗೊತ್ತಿರಲಿಲ್ಲ. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳೋಣ ಅಂತ ಸುತ್ತ ನೋಡಿದೆ. ನೀರಿತ್ತು, ಬಿಸಿಲಿತ್ತು. ಬೇರೆ ಯಾರೂ ಇರಲಿಲ್ಲ.

ಕಾಕಾನ ಮನೆ ದಂಡೆಯಿಂದ ದೂರವೇನಲ್ಲ. ಅಂಗಳದಲ್ಲಿ ಹಳೆಯ ಹರಗೋಲನ್ನು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದ. ಮೈಮೇಲೆ ಬನಿಯನ್ ಮಾತ್ರ. ಖಾಕಿ ಅಂಗಿ ಒಗೆದು, ಮಡಿಸಿ, ಗೂಡಿನಲ್ಲಿ ಇಟ್ಟದ್ದು ಬಾಗಿಲಿನಿಂದಲೇ ಕಾಣುತ್ತಿತ್ತು. ನನ್ನನ್ನು ನೋಡಿ ಎದ್ದು, "ಬರ್ರಿ ಮಿಸ್ತ್ರೀ, ಕುಂದರ್ರಿ" ಅಂದು ಒಳಗಿನವರಿಗೆ ನೀರು ತರಲು ಹೇಳಿದ. ಆ ನೀರನ್ನು ಪಕ್ಕಕ್ಕಿಟ್ಟೆ. ಕೈ ಬಿಚ್ಚಿ ಚೂರು ತೋರಿಸಿ ಎಲ್ಲ ಹೇಳಿದೆ. ಬ್ರೀದರ್, ಉಬ್ಬಿದ ಎಣ್ಣೆ, ಸೀಲು. ಅವನು ಚೂರುಗಳನ್ನು ತೆಗೆದುಕೊಂಡು ಹೊರಳಿಸಿ ನೋಡಿದ.

"ಮೊದಲನೇ ದಿನಾನೇ ಕೀಳಾಕ ಕೈ ಹಾಕಿದ್ನಿ" ಅಂದ. "ನೀವು ಬ್ಯಾಡಂದ್ರಿ. ನಂದೇನು ತಪ್ಪಾಗ್ತದೋ ಅಂತ, ಮಳಿ ಬಂದಾಗ ಚೀಲ ಕಟ್ಟೀನಿ. ದಿನಾ ಮುಂಜಾನಿ ಉದುರ್ಯಾದೇನಂತ ಮುಟ್ಟಿ ನೋಡತಿದ್ನ್ರಿ ಮಿಸ್ತ್ರೀ. ಉದುರಲೇ ಇಲ್ಲ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಯ್ಗುಳ ನನಗೆ ರೂಢಿ. "ತಪ್ಪಾಯ್ತು ಕಾಕಾ" ಅಂದೆ. ಆ ಎರಡು ಶಬ್ದವನ್ನು ಹಿಂದೆ ಯಾರಿಗೆ ಹೇಳಿದ್ದೆ ಅಂತ ನೆನಪಿಲ್ಲ. ಉಸ್ತಾದರಿಗೆ ಇರಬೇಕು.

ಕಾರ್ಯದರ್ಶಿಯವರಿಗೆ ತಿಳಿಸುವುದು ಇನ್ನೂ ಕಷ್ಟವಾಯಿತು. ಅವರು ನಕ್ಕುಬಿಟ್ಟರು. "ಊದಿನಕಡ್ಡಿಯಿಂದ ಬೋಟು ಕೆಡ್ತದೇನ್ರಿ? ಯಾರರೆ ಕೇಳಿದ್ರ ನಗ್ತಾರ. ಮುದುಕನ ಮ್ಯಾಲೆ ಮರುಕ ಬಂದಾದ ನಿಮಗ, ಅದಕ್ಕ ಹಿಂಗ ಹೇಳಾಕತ್ತೀರಿ. ಆದದ್ದು ಆತು, ರಿಪೇರಿ ಮಾಡಿ ಹೋಗ್ರಿ." ಒರಟು ಕೈ ಅಂದಾಗ ಒಂದೇ ಮಾತಿಗೆ ನಂಬಿದವರು, ಈಗ ಅರ್ಧ ತಾಸು ಹೇಳಿದರೂ ನಂಬಲೊಲ್ಲರು. ನಾನು ಸುಮ್ಮನೆ ಹೋಗಿ ಸೀಲು ಬದಲಿಸಿದೆ. ಟೆಂಪೊದವನನ್ನು ಕೂರಿಸಿ ಗಾಳಿ ತೆಗೆದೆ, ಎಡಕ್ಕ ಬಲಕ್ಕ ಅಂತ ಮೆತ್ತಗೆ ಹೇಳಿದೆ. ಎಲ್ಲ ಮುಗಿದ ಮೇಲೆ ಮುಚ್ಚಳವನ್ನು ಒರೆಸಿ ಕಿಸೆಯಲ್ಲಿ ಇಟ್ಟುಕೊಂಡೆ.

ಅಷ್ಟು ಹೊತ್ತಿಗೆ ಆಚೆ ದಂಡೆಗೆ ಹೋಗುವವರು ಇಪ್ಪತ್ತು ಜನ ಸೇರಿದ್ದರು.

"ಮುಚ್ಚಳ ಹಾಕ್ರಿ, ಬೋಟು ಹೊಂಡ್ಲಿ" ಅಂದರು ಕಾರ್ಯದರ್ಶಿ.

"ಕಾಕಾ ಗಾಲಿಗಿ ಬಂದ್ರ ಹಾಕ್ತೀನಿ."

"ಏನ್ ಹುಚ್ಚಾಟ ಇದು?"

ಆಗ ನನ್ನ ಬಾಯಿ ಒಂದು ಸಲವಾದರೂ ಉಪಯೋಗಕ್ಕೆ ಬಂತು. ದಂಡೆಯ ಕಲ್ಲಿನ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ, ಬೋಟು ಕೆಡಿಸಿದವನು ನಾನು ಅಂದೆ. ಅವತ್ತು ಬೋಟು ಜಾಲಿ ಗಿಡಕ್ಕೆ ಸಿಕ್ಕಿಕೊಳ್ಳಲಿದ್ದದ್ದು ನನ್ನ ಕಡ್ಡಿಯಿಂದ, ದಂಡೆಗೆ ತಂದದ್ದು ಕಾಕಾನ ಕೈಯಿಂದ ಅಂದೆ. ಚೂರುಗಳನ್ನು ತೋರಿಸಿದೆ. ಒಬ್ಬ ಮುದುಕಿ ಮುಂದೆ ಬಂದು ನೋಡಿ, "ದೇವ್ರಿಗಿ ಹಚ್ಚಿದ್ದು ಹ್ಯಾಂಗ ಕೇಡು ಮಾಡ್ತದೋ ಯಪ್ಪಾ?" ಅಂದಳು.

"ದೇವ್ರದಲ್ಲಬೇ ಯವ್ವಾ, ತಪ್ಪು ನಂದು" ಅಂದೆ. "ಕಂಡ ತೂತಿಗೆಲ್ಲ ಕಡ್ಡಿ ಸಿಗಸ್ಬಾರ್ದಿತ್ತು."

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಗಲಿ ಅಂತ ನಿಂತೆ. ಸಂತೆಯ ದಿನ ಆ ಬೋಟಿನಲ್ಲಿದ್ದ ಹೆಂಗಸೊಬ್ಬಳು ಮಾತ್ರ ನಗಲಿಲ್ಲ. "ಕಾಕಾ ಬರಲಿಲ್ಲಂದ್ರ ನಾ ಹತ್ತಂಗಿಲ್ಲ" ಅಂತ ಬುಟ್ಟಿ ಕೆಳಗಿಟ್ಟು ಕೂತಳು. ಅವಳ ಹಿಂದೆ ಇನ್ನಿಬ್ಬರು ಕೂತರು. ಟೆಂಪೊದವನು ತಾನಾಗಿಯೇ ಬೋಟಿನಿಂದ ಇಳಿದು, "ನನಗೂ ಈ ನೀರು ಒಗ್ಗಂಗಿಲ್ರಿ" ಅಂದ. ಕಾರ್ಯದರ್ಶಿ ಒಂದು ಸಲ ನನ್ನನ್ನು, ಒಂದು ಸಲ ಕೂತ ಹೆಂಗಸರನ್ನು ನೋಡಿ, ಕಾಕಾನನ್ನು ಕರೆತರಲು ತಾವೇ ಹೋದರು.

ಕಾಕಾ ಬಂದ. ತೋಳು ಸುಟ್ಟ ಖಾಕಿ ಅಂಗಿಯನ್ನೇ ಹಾಕಿಕೊಂಡು, ಗುಂಡಿ ಮೇಲಿನವರೆಗೆ ಬಿಗಿದುಕೊಂಡು ಬಂದ. ಗಾಲಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ, ಹಿಂದೆ ಇಂಜಿನ್ ಹೊರಳುವುದನ್ನು ನೋಡಿದ. ನಾನು ಮುಚ್ಚಳ ಬಿಗಿದೆ. ತೂತಿನಲ್ಲಿ ಬಿಸಿಲು ಕಾಣುತ್ತಿತ್ತು. ಕೆಲಸ ಮುಗಿಯಿತು ಅನ್ನುವ ಹೊತ್ತಿಗೆ ನನ್ನ ಕೈ, ನನಗೇ ತಿಳಿಯದೆ, ಕಿಸೆಯಿಂದ ಊದಿನಕಡ್ಡಿಯ ಪೊಟ್ಟಣ ತೆಗೆದಿತ್ತು.

ಬೋಟಿನಲ್ಲಿ ಇದ್ದವರೆಲ್ಲ ನನ್ನ ಕೈ ನೋಡಿದರು. ಪೊಟ್ಟಣ ಒಳಗಿಡಲೋ ನೀರಿಗೆ ಒಗೆಯಲೋ ತಿಳಿಯದೆ ನಿಂತೆ. ಕಾಕಾ ಗಾಲಿಯಿಂದ ಒಂದು ಕೈ ತೆಗೆದು, ಪೊಟ್ಟಣದಿಂದ ಒಂದು ಕಡ್ಡಿ ಎಳೆದುಕೊಂಡು, ಬೆಂಕಿಪೊಟ್ಟಣ ಗೀರಿ ಹಚ್ಚಿ, ನನ್ನ ಕೈಗೆ ಕೊಟ್ಟ.

"ಹಿಡ್ಕೊಂಡು ಕುಂದರ್ರಿ ಮಿಸ್ತ್ರೀ" ಅಂದ. "ಆಚೀ ದಂಡಿ ಮುಟ್ಟೋತನಕ. ಹಚ್ಚಿದ ಕಡ್ಡಿ ಬಿಡಬಾರ್ದು."

ನಾನು ಆಚೆ ದಂಡೆಗೆ ಹೋಗಬೇಕಾದವನೇ ಅಲ್ಲ. ಕೂತೆ. ಬೋಟು ಹೊರಟಿತು. ನಡುನೀರಿನಲ್ಲಿ ಗಾಳಿ ಎದ್ದಾಗ ಕಾಕಾ ಗಾಲಿಯನ್ನು ಬೆರಳಿನಷ್ಟು ಸರಿಸಿದ, ಬೋಟು ಜಾಲಿ ಮರಗಳನ್ನು ಬಿಟ್ಟು ದೂರಕ್ಕೆ ಹೊರಳಿತು. ಒರಟು ಕೈಯಲ್ಲ ಅದು, ನಾನೇ ನೋಡಿದೆ. ಬಿಸಿ ಬೂದಿ ನನ್ನ ಬೆರಳಿನ ಮೇಲೆ ಉದುರುತ್ತಿತ್ತು. ಕೊಡವಲಿಲ್ಲ. ಆ ಇಪ್ಪತ್ತು ನಿಮಿಷ ನಾನು ಯಾರನ್ನೂ ಬಯ್ಯಲಿಲ್ಲ, ನೀರನ್ನು ಕೂಡ.